ಅಮೆರಿಕದ ಡೀಲರ್ ಸರ್ವಿಸ್: ಬಿಲ್ಲಿನ ಗಂಟೆ, ಮೆಕ್ಯಾನಿಕ್‌ನ ಕೂಲಿ, ನಿಮ್ಮ ಕಾರು

ಡೀಲರ್ ಕೊಟ್ಟ ಬಿಲ್ಲಿನಲ್ಲಿ ‘ಲೇಬರ್ 2.5 ಗಂಟೆ’ ಎಂದಿದ್ದರೆ ಮೆಕ್ಯಾನಿಕ್ ನಿಮ್ಮ ಕಾರಿನ ಜೊತೆ ಎರಡೂವರೆ ಗಂಟೆ ಇದ್ದರು ಎಂದು ತಿಳಿಯಬೇಡಿ. ಆ ಕೆಲಸಕ್ಕೆ ಇಷ್ಟು ಸಮಯ ಎಂದು ಟೈಮ್ ಗೈಡಿನಲ್ಲಿ ಮೊದಲೇ ಬರೆದಿಟ್ಟಿರುವ ಲೆಕ್ಕ ಅದು. ಒಂದೂವರೆ ಗಂಟೆಯಲ್ಲಿ ಮುಗಿಸಿದರೂ ಅವರ ಕೈಗೆ ಎರಡೂವರೆ ಗಂಟೆಯ ಕೂಲಿ, ನಾಲ್ಕು ಗಂಟೆ ಹಿಡಿದರೂ ಅಷ್ಟೇ. ಇದನ್ನು ಫ್ಲ್ಯಾಟ್ ರೇಟ್ ಎನ್ನುತ್ತಾರೆ. ಅಮೆರಿಕದ ಡೀಲರ್ ವರ್ಕ್‌ಶಾಪ್‌ಗಳಲ್ಲಿ ಬಹುಪಾಲು ಮೆಕ್ಯಾನಿಕ್‌ಗಳು ದುಡಿಯುವುದು ಈ ಪದ್ಧತಿಯಲ್ಲೇ. ಡೀಲರ್ ಸರ್ವಿಸ್ ಯಾವಾಗ ಚೆನ್ನಾಗಿರುತ್ತದೆ, ಯಾವಾಗ ಕೈಕೊಡುತ್ತದೆ, ಯಾವ ಕಾರಿನ ಬಗ್ಗೆ ಮೆಕ್ಯಾನಿಕ್ ಏನು ಹೇಳುತ್ತಾರೆ ಎಂಬುದೆಲ್ಲ ಈ ಕೂಲಿಯ ಲೆಕ್ಕ ಗೊತ್ತಾದ ಮೇಲೇ ಅರ್ಥವಾಗುವುದು. ಆದ್ದರಿಂದ ಈ ವಿಮರ್ಶೆ ಅಲ್ಲಿಂದಲೇ ಶುರು.

ಗಂಟೆಯನ್ನು ಹತ್ತು ಭಾಗ ಮಾಡಿ ಎಣಿಸುತ್ತಾರೆ. 0.1 ಎಂದರೆ ಆರು ನಿಮಿಷ. ಆಯಿಲ್ ಬದಲಿಸುವುದಕ್ಕೆ 0.3ರ ಆಸುಪಾಸು ಸಿಕ್ಕರೆ ಹದಿನೆಂಟು ನಿಮಿಷ. ಅಷ್ಟರೊಳಗೆ ಕಾರನ್ನು ಒಳಗೆ ತಂದು, ಲಿಫ್ಟಿಗೆ ಏರಿಸಿ, ಆಯಿಲ್ ಇಳಿಸಿ, ಫಿಲ್ಟರ್ ಹಾಕಿ, ತುಂಬಿಸಿ, ಟೈರಿನ ಗಾಳಿ ನೋಡಿ, ತಪಾಸಣೆಯ ಹಾಳೆ ತುಂಬಿ, ಕಾರನ್ನು ಹೊರಗೆ ನಿಲ್ಲಿಸಬೇಕು. ಇಂಥ ಕೆಲಸವನ್ನು ಹೆಚ್ಚಾಗಿ ಹೊಸದಾಗಿ ಸೇರಿದ ಲ್ಯೂಬ್ ಟೆಕ್‌ಗಳಿಗೆ ಬಿಡುತ್ತಾರೆ. ಡೀಲರ್ ಸರ್ವಿಸಿನಲ್ಲಿ ಅತಿ ಸಾಮಾನ್ಯವಾದ ತಪ್ಪುಗಳು ನಡೆಯುವುದೂ ಇಲ್ಲೇ. ಡ್ರೈನ್ ಪ್ಲಗ್ಗಿನ ವಾಷರ್ ಬದಲಿಸದೆ ಹಳೆಯದನ್ನೇ ಬಿಗಿಯುವುದು, ಹಳೆ ಫಿಲ್ಟರಿನ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡಿದ್ದನ್ನು ನೋಡದೆ ಅದರ ಮೇಲೆ ಹೊಸ ಫಿಲ್ಟರ್ ಕೂರಿಸುವುದು, ಅರ್ಧ ಲೀಟರ್ ಹೆಚ್ಚು ತುಂಬುವುದು, ಕೆಳಗಿನ ಪ್ಲಾಸ್ಟಿಕ್ ಕವರಿನ ಎರಡು ಕ್ಲಿಪ್ ಬಿಟ್ಟುಬಿಡುವುದು. ಎರಡು ರಿಂಗ್ ಒಂದರ ಮೇಲೊಂದು ಕೂತರೆ ಒತ್ತಡಕ್ಕೆ ಹೊರಜಾರಿ ಕೆಲವೇ ನಿಮಿಷಗಳಲ್ಲಿ ಆಯಿಲ್ ಪೂರ್ತಿ ಖಾಲಿಯಾಗುತ್ತದೆ, ಇಂಜಿನ್ ಹೋಗುತ್ತದೆ.

ನುರಿತ ಮೆಕ್ಯಾನಿಕ್‌ಗಳ ಕಷ್ಟ ಬೇರೆ. ಒಂದೇ ಕೆಲಸಕ್ಕೆ ಎರಡು ಸಮಯಗಳಿರುತ್ತವೆ. ಗ್ರಾಹಕರು ದುಡ್ಡು ಕೊಡುವುದಾದರೆ ಸ್ವತಂತ್ರ ಗೈಡಿನ ಸಮಯ, ವಾರಂಟಿಯಲ್ಲಾದರೆ ಕಾರು ಕಂಪನಿ ನಿಗದಿ ಮಾಡಿದ ಸಮಯ. ಎರಡನೆಯದು ಸಾಮಾನ್ಯವಾಗಿ ಗಣನೀಯವಾಗಿ ಕಡಿಮೆ. ಕಂಪನಿ ಅದನ್ನು ಅಳೆಯುವುದು ತುಕ್ಕಿಲ್ಲದ ಹೊಸ ಗಾಡಿಯಲ್ಲಿ, ಬೇಕಾದ ಟೂಲ್‌ಗಳನ್ನೆಲ್ಲ ಪಕ್ಕದಲ್ಲಿ ಜೋಡಿಸಿಟ್ಟುಕೊಂಡು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ ನಾಲ್ಕು ವರ್ಷ ಓಡಿದ ಕಾರಿನ ಎಕ್ಸಾಸ್ಟ್ ಬೋಲ್ಟ್ ಮುರಿದರೆ ಅದನ್ನು ಡ್ರಿಲ್ ಮಾಡಿ ತೆಗೆಯುವ ಹೊತ್ತಿಗೆ ಯಾರೂ ಹಣ ಕೊಡುವುದಿಲ್ಲ. ಹೊಸ ಕಾರು ಕೆಟ್ಟು ವಾರಂಟಿ ಕೆಲಸ ಜಾಸ್ತಿಯಾದಷ್ಟೂ ಮೆಕ್ಯಾನಿಕ್‌ಗಳ ಸಂಪಾದನೆ ಇಳಿಯುತ್ತದೆ. ಒಂದು ಮಾಡೆಲ್ ಬಗ್ಗೆ ಅವರ ಬಾಯಲ್ಲಿ ಬರುವ ಬೈಗುಳಕ್ಕೆ ಅರ್ಧ ಕಾರಣ ಇದು.

ಇನ್ನೂ ಕೆಟ್ಟದ್ದು ದೋಷ ಹುಡುಕುವ ಕೆಲಸ. ಮಳೆ ಬಂದಾಗ ಮಾತ್ರ ಹೊತ್ತಿಕೊಳ್ಳುವ ವಾರ್ನಿಂಗ್ ಲೈಟ್ ಇದೆ ಎನ್ನಿ. ಸ್ಕ್ಯಾನರ್ ಒಂದು ಕೋಡ್ ತೋರಿಸುತ್ತದೆ, ಆದರೆ ಕೋಡ್ ಹೇಳುವುದು ಯಾವ ಸರ್ಕ್ಯೂಟ್ ಎಂದಷ್ಟೇ. ಯಾವ ಭಾಗ ಎಂದಲ್ಲ. ವೈರಿಂಗ್ ನಕ್ಷೆ ತೆಗೆದು, ಕನೆಕ್ಟರ್ ಒಂದೊಂದಾಗಿ ಬಿಚ್ಚಿ, ಮೀಟರಿನಲ್ಲಿ ವೋಲ್ಟೇಜ್ ಎಲ್ಲಿ ಬೀಳುತ್ತಿದೆ ಎಂದು ಅಳೆಯುತ್ತಾ ಹೋಗಬೇಕು. ಕೊನೆಗೆ ಸಿಗುವುದು ಹಸಿರು ಹಿಡಿದ ಒಂದು ಪಿನ್. ಹುಡುಕಲು ಮೂರು ಗಂಟೆ, ಸರಿಪಡಿಸಲು ಹದಿನೈದು ನಿಮಿಷ. ಡಯಾಗ್ನೋಸಿಸ್‌ಗೆ ಸಿಗುವುದು ಹಲವು ಕಡೆ ಒಂದು ಗಂಟೆ, ಕೆಲವೊಮ್ಮೆ ಅದೂ ಇಲ್ಲ. ಹೀಗಿರುವಾಗ ಕೋಡಿನಲ್ಲಿ ಹೆಸರು ಬಂದ ಸೆನ್ಸರನ್ನು ಹಾಕಿ ಕಳಿಸಿಬಿಡುವ ಆಸೆ ಹುಟ್ಟುವುದು ಸಹಜ. ಒಂದೇ ದೂರಿಗೆ ನಿಮ್ಮ ಕಾರು ಮೂರು ಸಲ ವರ್ಕ್‌ಶಾಪಿಗೆ ಹೋಗಿ ಬಂದಿದ್ದರೆ, ಒಳಗೆ ನಡೆದದ್ದು ಬಹುಶಃ ಇದೇ. ಹಾಗೆ ವಾಪಸ್ ಬಂದ ಕಾರನ್ನು ಅದೇ ಮೆಕ್ಯಾನಿಕ್ ಮತ್ತೆ ಬಿಟ್ಟಿಯಾಗಿ ನೋಡಬೇಕು. ಪಾರ್ಟ್ ಬರುವವರೆಗೆ ಬಿಚ್ಚಿಟ್ಟ ಕಾರು ಲಿಫ್ಟಿನ ಮೇಲೆ ಕೂತಿದ್ದರೆ ಆ ಜಾಗದಲ್ಲಿ ಬೇರೆ ಕೆಲಸವೂ ಸಾಗದು. ಹಾಜರಿ ಹತ್ತು ಗಂಟೆ, ಕೂಲಿ ಐದು ಗಂಟೆಯದು ಎಂಬಂಥ ದಿನಗಳು ಇಲ್ಲಿ ಅಪರೂಪವಲ್ಲ.

ಅಮೆರಿಕದ ಕೇಂದ್ರ ಸರ್ಕಾರದ ಕಾರ್ಮಿಕ ಕಾನೂನು ಕಾರು ಡೀಲರ್‌ಗಳ ಮಾರಾಟಗಾರರು, ಪಾರ್ಟ್ಸ್ ವಿಭಾಗದವರು, ಮೆಕ್ಯಾನಿಕ್‌ಗಳು ಈ ಮೂವರನ್ನೂ ಓವರ್‌ಟೈಮ್ ನಿಯಮದಿಂದ ಹೊರಗಿಟ್ಟಿದೆ. ಗ್ರಾಹಕರ ಜೊತೆ ವ್ಯವಹರಿಸುವ ಸರ್ವಿಸ್ ಅಡ್ವೈಸರ್‌ಗಳೂ ಆ ವಿನಾಯಿತಿಯ ಒಳಗೇ ಬರುತ್ತಾರೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕ್ಯಾಲಿಫೋರ್ನಿಯಾದ ಸ್ಥಿತಿ ಸ್ವಲ್ಪ ಮೇಲು. ಕಾರಿಗಾಗಿ ಕಾಯುತ್ತಾ ಕುಳಿತ ಸಮಯಕ್ಕೂ ಪ್ರತ್ಯೇಕವಾಗಿ ಕನಿಷ್ಠ ಕೂಲಿ ಕೊಡಬೇಕೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2013ರಲ್ಲಿ ತೀರ್ಪಿತ್ತಿದೆ. ಸ್ವಂತ ಟೂಲ್ ತರಬೇಕು ಎಂದು ಕೇಳುವ ಮಾಲೀಕರು ಕನಿಷ್ಠ ಕೂಲಿಯ ಎರಡರಷ್ಟಾದರೂ ಕೊಡಬೇಕು. ಶಿಕಾಗೋ ಸುತ್ತಮುತ್ತ 2017ರ ಆಗಸ್ಟ್‌ನಲ್ಲಿ ಸುಮಾರು 2,000 ಡೀಲರ್ ಮೆಕ್ಯಾನಿಕ್‌ಗಳು ಮುಷ್ಕರ ಹೂಡಿ ಏಳು ವಾರದಷ್ಟು ಹೊರಗೆ ನಿಂತರು. ಕೆಲಸ ಬರಲಿ ಬಿಡಲಿ ವಾರಕ್ಕೆ ಇಷ್ಟು ಗಂಟೆಯ ಕೂಲಿ ಖಾತ್ರಿ ಇರಬೇಕು ಎಂಬುದು ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು. ನನ್ನ ದೃಷ್ಟಿಯಲ್ಲಿ ಇದು ಗ್ರಾಹಕರ ಬೇಡಿಕೆಯೂ ಹೌದು. ಖಾತ್ರಿ ಇರುವ ಮೆಕ್ಯಾನಿಕ್, ಬೋಲ್ಟನ್ನು ಸರಿಯಾದ ಅಳತೆಗೆ ಬಿಗಿಯುವ ಟಾರ್ಕ್ ರೆಂಚ್ ಎತ್ತಿಕೊಳ್ಳಲು ಹಿಂದೆಮುಂದೆ ನೋಡುವುದಿಲ್ಲ.

ಟೂಲ್ ಎಂದೆ. ಲಿಫ್ಟ್, ಕಂಪ್ರೆಸರ್, ಕಂಪನಿಯ ಸ್ಕ್ಯಾನರ್, ವಿಶೇಷ ಟೂಲ್ ಇವು ಡೀಲರ್‌ನವು. ಸಾಕೆಟ್, ರೆಂಚ್, ಇಂಪ್ಯಾಕ್ಟ್ ಗನ್, ಇವನ್ನೆಲ್ಲ ಇಡುವ ಪೆಟ್ಟಿಗೆ ಮೆಕ್ಯಾನಿಕ್‌ನವು. ಸ್ನ್ಯಾಪ್-ಆನ್, ಮ್ಯಾಟ್ಕೊ, ಮ್ಯಾಕ್ ಕಂಪನಿಗಳ ವ್ಯಾನ್‌ಗಳು ವಾರಕ್ಕೊಮ್ಮೆ ವರ್ಕ್‌ಶಾಪಿನ ಬಾಗಿಲಿಗೇ ಬಂದು ಕಂತಿನ ಮೇಲೆ ಮಾರುತ್ತವೆ. ಕೆಲಸಕ್ಕೆ ಸೇರಿದ ಹುಡುಗರು ಮೊದಲ ವರ್ಷಗಳಲ್ಲೇ ಸಾಲಕ್ಕೆ ಬೀಳುವುದು ಹೀಗೆ. ಬೇಸಿಗೆಯಲ್ಲಿ ಆಗಷ್ಟೇ ಓಡಿ ಬಂದ ಇಂಜಿನ್‌ನ ಕಾವು, ಕೈ ಎತ್ತಿ ಗಂಟೆಗಟ್ಟಲೆ ದುಡಿದ ಭುಜ, ಡ್ಯಾಶ್‌ಬೋರ್ಡಿನ ಕೆಳಗೆ ತಿರುಚಿ ಮಲಗಿದ ಬೆನ್ನು, ಬ್ರೇಕ್ ಕ್ಲೀನರ್ ಹಬೆ ಇವು ದಿನನಿತ್ಯದವು. ಈಗ ವಿದ್ಯುತ್ ಕಾರುಗಳ ಹೈ ವೋಲ್ಟೇಜ್ ಬೇರೆ ಸೇರಿದೆ. 1,000 ವೋಲ್ಟ್‌ಗೆ ತಡೆಯುವ ಕ್ಲಾಸ್ 0 ರಬ್ಬರ್ ಗ್ಲೌಸ್, ಅದರ ಮೇಲೆ ಚರ್ಮದ ಗ್ಲೌಸ್ ಧರಿಸಿ, ಸರ್ವಿಸ್ ಪ್ಲಗ್ ಕಿತ್ತು, ಕಂಪನಿ ಹೇಳಿದಷ್ಟು ನಿಮಿಷ ಕೆಪಾಸಿಟರ್ ಖಾಲಿಯಾಗಲು ಬಿಟ್ಟು, ಮೀಟರಿನಲ್ಲಿ ಸೊನ್ನೆ ಕಂಡ ಮೇಲೇ ಕೈ ಹಾಕಬೇಕು. ಆ ಗ್ಲೌಸನ್ನು ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಕಳಿಸಲೇಬೇಕು. ಫ್ಲ್ಯಾಟ್ ರೇಟ್ ಅವಸರದಲ್ಲಿ ಈ ಕಾಯುವ ನಿಮಿಷಗಳನ್ನು ನುಂಗುವ ಒತ್ತಡ ಬರಬಾರದು. ಡೀಲರ್ ಇದಕ್ಕೆ ಗಂಟೆಯ ಲೆಕ್ಕದಲ್ಲೇ ಕೊಡಬೇಕು.

ಇನ್ನು ಕೌಂಟರಿನಲ್ಲಿ ನಿಮ್ಮ ಜೊತೆ ಮಾತಾಡುವ ಅಡ್ವೈಸರ್. ಅವರಿಗೆ ಸಾಮಾನ್ಯವಾಗಿ ಮಾರಾಟದ ಮೇಲೆ ಕಮಿಷನ್. ತಪಾಸಣೆ ಹಾಳೆಯ ಹಸಿರು, ಹಳದಿ, ಕೆಂಪು ಗುರುತುಗಳು ಎಷ್ಟು ನಿಜ ಎಂಬುದು ಅಂಕಿ ಕೇಳಿದಾಗ ಗೊತ್ತಾಗುತ್ತದೆ. ಹೊಸ ಬ್ರೇಕ್ ಪ್ಯಾಡ್ 10ರಿಂದ 12 ಮಿಲಿಮೀಟರ್ ದಪ್ಪ, 3 ಮಿಲಿಮೀಟರಿಗೆ ಇಳಿದರೆ ಬದಲಿಸಬೇಕು. ‘ಬ್ರೇಕ್ ಸವೆದಿದೆ’ ಎಂದವರನ್ನು ‘ನಾಲ್ಕೂ ಚಕ್ರದ ಅಳತೆ ಎಷ್ಟು ಮಿಲಿಮೀಟರ್’ ಎಂದು ಕೇಳಿ. 6 ಎಂದರೆ ಧಾರಾಳವಾಗಿ ಓಡಿಸಬಹುದು. ಒಳಗಿನ ಪ್ಯಾಡ್ 2, ಹೊರಗಿನದು 7 ಎಂದರೆ ಪ್ಯಾಡ್ ಬದಲಿಸಿದರೆ ಸಾಲದು. ಕ್ಯಾಲಿಪರಿನ ಸ್ಲೈಡ್ ಪಿನ್ ಅಥವಾ ಪಿಸ್ಟನ್ ಹಿಡಿದುಕೊಂಡಿದೆ, ಅದನ್ನು ಬಿಡಿಸದಿದ್ದರೆ ಹೊಸ ಪ್ಯಾಡೂ ಹಾಗೆಯೇ ಸವೆಯುತ್ತದೆ. ಫ್ಯೂಯಲ್ ಸಿಸ್ಟಮ್ ಕ್ಲೀನಿಂಗ್, ಇಂಜಿನ್ ಫ್ಲಶ್, ಪವರ್ ಸ್ಟೀರಿಂಗ್ ಫ್ಲಶ್ ಇವು ನಿಮ್ಮ ಮಾಲೀಕರ ಕೈಪಿಡಿಯ ವೇಳಾಪಟ್ಟಿಯಲ್ಲಿ ಇಲ್ಲದಿದ್ದರೆ ಬೇಡ ಎನ್ನಿ. ಇಂಥವನ್ನು ಮೆಕ್ಯಾನಿಕ್‌ಗಳು ಗ್ರೇವಿ ಎನ್ನುತ್ತಾರೆ. ಶ್ರಮ ಕಡಿಮೆ, ಸಮಯ ಧಾರಾಳ. ವಾರಂಟಿಯಲ್ಲಿ ಕಳಕೊಂಡ ಗಂಟೆಗಳನ್ನು ತುಂಬಿಕೊಳ್ಳುವುದು ಇದರಿಂದಲೇ. ಅವರ ಮೇಲೆ ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. ವಾರಂಟಿಗೆ ಕಂಪನಿ ಸರಿಯಾದ ಸಮಯ ಕೊಟ್ಟಿದ್ದರೆ ಈ ಸರಕು ಮಾರುವ ಒತ್ತಡ ಅರ್ಧಕ್ಕರ್ಧ ಕಡಿಮೆಯಾಗುತ್ತಿತ್ತು.

ಈಗ ಎಲ್ಲರೂ ಕೇಳುವ ಪ್ರಶ್ನೆ. ಯಾವ ಕಾರು ಗಟ್ಟಿ?

ಮೆಕ್ಯಾನಿಕ್‌ನ ಅಭಿಪ್ರಾಯಕ್ಕೆ ಬೆಲೆ ಇದೆ, ಆದರೆ ಅದನ್ನು ಸೋಸಿ ತೆಗೆದುಕೊಳ್ಳಬೇಕು. ಡೀಲರ್ ಮೆಕ್ಯಾನಿಕ್ ನೋಡುವುದು ಒಂದೇ ಬ್ರ್ಯಾಂಡ್, ಅದರಲ್ಲೂ ಕೆಟ್ಟು ಬಂದ ಕಾರುಗಳನ್ನೇ. ಸರಿಯಾಗಿ ಓಡುತ್ತಿರುವ ಸಾವಿರಾರು ಕಾರು ಅವರ ಕಣ್ಣಿಗೆ ಬೀಳುವುದಿಲ್ಲ. ಜೊತೆಗೆ, ಕೆಲಸ ಮಾಡಲು ಕಷ್ಟವಾದ ಕಾರು, ಬೇಗ ಕೆಡುವ ಕಾರು ಎರಡೂ ಅವರ ಮಾತಿನಲ್ಲಿ ಬೆರೆತುಹೋಗುತ್ತವೆ. ಡಾಡ್ಜ್ ಜರ್ನಿಯ ಬ್ಯಾಟರಿ ಮುಂದಿನ ಎಡ ಚಕ್ರದ ಗೂಡಿನೊಳಗಿದೆ. ಅದನ್ನು ಬದಲಿಸುವವರು ಶಪಿಸುವುದು ಖಂಡಿತ, ಆದರೆ ಅದರಿಂದ ಕಾರು ರಸ್ತೆಯಲ್ಲಿ ನಿಲ್ಲುವುದಿಲ್ಲ. ಕಾರುಗಳ ಗುಣಮಟ್ಟ ಅಳೆಯುವ ಜೆ.ಡಿ. ಪವರ್ ಸಂಸ್ಥೆಯ ಸಮೀಕ್ಷೆಯಲ್ಲಿ ಫೋನ್ ಜೋಡಣೆಯಾಗದಿದ್ದರೂ ಒಂದು ದೋಷವಾಗಿ ಎಣಿಕೆಯಾಗುತ್ತದೆ. ಅದರ ಬಾಳಿಕೆಯ ಸಮೀಕ್ಷೆ ನಡೆಯುವುದೂ ಕಾರಿಗೆ ಮೂರು ವರ್ಷವಾದಾಗ. ಹತ್ತನೇ ವರ್ಷದ ಗೇರ್‌ಬಾಕ್ಸ್ ಬಗ್ಗೆ ಆ ಪಟ್ಟಿ ಏನನ್ನೂ ಹೇಳಲಾರದು. ಆದ್ದರಿಂದ ‘ಯಾವ ಕಂಪನಿ’ ಎಂದು ಕೇಳುವ ಬದಲು ‘ಯಾವ ಇಂಜಿನ್, ಯಾವ ಗೇರ್‌ಬಾಕ್ಸ್, ಯಾವ ವರ್ಷ’ ಎಂದು ಕೇಳಿ. ಎಲ್ಲ ಬ್ರ್ಯಾಂಡ್ ನೋಡುವ ಸ್ವತಂತ್ರ ಗ್ಯಾರೇಜಿನವರನ್ನೂ ಕೇಳಿ. ವಾರಂಟಿ ಮುಗಿದ ಮೇಲಿನ ಕಥೆ ಗೊತ್ತಿರುವುದು ಅವರಿಗೇ.

ಟೊಯೋಟಾ, ಲೆಕ್ಸಸ್ ಬಗ್ಗೆ ಒಳ್ಳೆಯ ಮಾತೇ ಹೆಚ್ಚು, ಅದಕ್ಕೆ ಕಾರಣವೂ ಇದೆ. ಅವರ ಹೈಬ್ರಿಡ್ ಗೇರ್‌ಬಾಕ್ಸಿನಲ್ಲಿ ಬೆಲ್ಟ್ ಇಲ್ಲ, ಸವೆಯುವ ಕ್ಲಚ್ ಇಲ್ಲ, ಬೇರೆ ಸ್ಟಾರ್ಟರ್ ಮೋಟಾರ್ ಇಲ್ಲ. ಒಂದು ಪ್ಲ್ಯಾನೆಟರಿ ಗೇರ್ ವ್ಯವಸ್ಥೆ, ಎರಡು ಮೋಟಾರ್ ಸೇರಿ ಎಲ್ಲ ಕೆಲಸ ಮಾಡುತ್ತವೆ. ಕೆಡಲು ಭಾಗಗಳೇ ಕಡಿಮೆ. ಹಿಂದಿನ ಸೀಟಿನ ಬಳಿ ಬ್ಯಾಟರಿ ತಂಪಾಗಿಸುವ ಗಾಳಿಯ ಜಾಲರಿ ಇದೆ. ಅದರ ಫಿಲ್ಟರ್ ನಾಯಿಕೂದಲು, ಧೂಳಿನಿಂದ ಕಟ್ಟಿಕೊಂಡರೆ ಬ್ಯಾಟರಿ ಕಾದು ಬೇಗ ಸಾಯುತ್ತದೆ. ಅದನ್ನು ತೆಗೆದು ಸ್ವಚ್ಛ ಮಾಡಲು ಐದು ನಿಮಿಷ ಸಾಕು. ಹಾಗೆಂದು ಟೊಯೋಟಾ ಲಾಂಛನ ಕಂಡ ತಕ್ಷಣ ಕಣ್ಣು ಮುಚ್ಚಿ ಕೊಳ್ಳಬೇಡಿ. 2007ರಿಂದ 2009ರ ಕ್ಯಾಮ್ರಿಯ 2.4 ಲೀಟರ್ ಇಂಜಿನ್ ಪಿಸ್ಟನ್ ರಿಂಗ್ ದೋಷದಿಂದ ಆಯಿಲ್ ಕುಡಿಯುತ್ತಿತ್ತು. ಟಂಡ್ರಾದ ಹೊಸ ಟ್ವಿನ್ ಟರ್ಬೊ ವಿ6 ಒಳಗೆ ತಯಾರಿಕೆಯ ಲೋಹದ ಚೂರು ಉಳಿದಿದ್ದಕ್ಕೆ 2022 ಮತ್ತು 2023ರ ಟಂಡ್ರಾ, ಲೆಕ್ಸಸ್ ಎಲ್‌ಎಕ್ಸ್ ಸೇರಿ ಸುಮಾರು 1,02,000 ಗಾಡಿಗಳನ್ನು 2024ರಲ್ಲಿ ರಿಕಾಲ್ ಮಾಡಬೇಕಾಯಿತು, ಅಂದರೆ ದೋಷ ಸರಿಪಡಿಸಲು ವಾಪಸ್ ಕರೆಸಬೇಕಾಯಿತು. 2019ರಿಂದ 2021ರ ರಾವ್4 ಹೈಬ್ರಿಡ್ಡಿನಲ್ಲಿ ಹಿಂದಿನ ಮೋಟಾರಿಗೆ ಹೋಗುವ ಹೈ ವೋಲ್ಟೇಜ್ ಕೇಬಲ್ ಉಪ್ಪಿನಿಂದ ಕೊರೆದುಹೋಗುವ ತೊಂದರೆ ಇತ್ತು. ಆ ಮಾಡೆಲ್ ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮೊದಲು ಕೇಬಲ್ಲಿನ ಕನೆಕ್ಟರ್ ನೋಡಿಸಬೇಕು.

ಹೋಂಡಾದಲ್ಲಿ ಟರ್ಬೊ ಇಲ್ಲದ ನಾಲ್ಕು ಸಿಲಿಂಡರ್ ಇಂಜಿನ್‌ಗಳ ಬಗ್ಗೆ ದೂರು ಕಡಿಮೆ. 1.5 ಲೀಟರ್ ಟರ್ಬೊದಲ್ಲಿ ಚಳಿಗಾಲದ ಚಿಕ್ಕ ಓಡಾಟದಲ್ಲಿ ಪೆಟ್ರೋಲ್ ಆಯಿಲ್‌ಗೆ ಇಳಿದು ಬೆರೆಯುತ್ತಿತ್ತು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಇಳಿಯುವ ಬದಲು ಏರಿದ್ದರೆ, ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ ಅದೇ. ಕಂಪನಿ ಕೆಲವು ವರ್ಷದ ಸಿವಿಕ್, ಸಿಆರ್-ವಿಗಳಿಗೆ ವಾರಂಟಿ ವಿಸ್ತರಿಸಿತು. ಪೈಲಟ್, ಒಡಿಸ್ಸಿಯ 3.5 ವಿ6 ಗಟ್ಟಿ ಇಂಜಿನ್, ಆದರೆ ಅದಕ್ಕೆ ಟೈಮಿಂಗ್ ಬೆಲ್ಟ್ ಇದೆ. 1,00,000 ಮೈಲಿಯ ಆಸುಪಾಸಿನಲ್ಲಿ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಒಟ್ಟಿಗೆ ಬದಲಿಸಬೇಕು. ಬೆಲ್ಟ್ ಮಾತ್ರ ಬದಲಿಸಿ ಪಂಪ್ ಬಿಟ್ಟರೆ, ಪಂಪ್ ಸೋರಿದ ದಿನ ಅದೇ ಲೇಬರ್ ಮತ್ತೊಮ್ಮೆ ಕೊಡಬೇಕಾಗುತ್ತದೆ. ಈ ಇಂಜಿನ್‌ನ ಕ್ರ್ಯಾಂಕ್‌ಶಾಫ್ಟನ್ನು ಸರಿಯಾದ ಅಳತೆಗೆ ಉಜ್ಜಿ ತಯಾರಿಸದ ಕಾರಣಕ್ಕೆ 2023ರಲ್ಲಿ ಸುಮಾರು 2,49,000 ಗಾಡಿಗಳ ರಿಕಾಲ್ ಕೂಡ ನಡೆಯಿತು.

ಮಜ್ದಾವನ್ನು ಮೆಕ್ಯಾನಿಕ್‌ಗಳು ಹೊಗಳುವುದು ಅದರ ಸರಳತೆಗೆ: ಟರ್ಬೊ ಇಲ್ಲದ 2.5 ಲೀಟರ್ ಇಂಜಿನ್, ಮಾಮೂಲಿ ಆರು ಗೇರಿನ ಆಟೋಮ್ಯಾಟಿಕ್. ಅದೇ 2.5ರ ಟರ್ಬೊದಲ್ಲಿ ಕೆಲವು ವರ್ಷದ ಇಂಜಿನ್‌ಗಳ ಸಿಲಿಂಡರ್ ಹೆಡ್ ಬಿರುಕು ಬಿಟ್ಟು ಕೂಲಂಟ್ ಸೋರುವುದಿತ್ತು.

ನಿಸ್ಸಾನ್ ಎಂದರೆ ಸಿವಿಟಿಯ, ಅಂದರೆ ಗೇರಿನ ಹಂತಗಳಿಲ್ಲದ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಮಾತೇ ಬರುತ್ತದೆ. ಲೋಹದ ಬೆಲ್ಟ್ ಎರಡು ರಾಟೆಗಳ ನಡುವೆ ಒತ್ತಡದಿಂದ ಹಿಡಿದಿರುತ್ತದೆ. ಫ್ಲೂಯಿಡ್ ಹಳಸಿದಾಗ, ಕಾದಾಗ ಅಥವಾ ಒತ್ತಡ ಕಡಿಮೆಯಾದಾಗ ಬೆಲ್ಟ್ ಜಾರಿ ರಾಟೆಯ ಮೇಲೆ ಗೀರು ಬೀಳುತ್ತದೆ. ಆ ಲೋಹದ ಪುಡಿ ವಾಲ್ವ್ ಬಾಡಿಗೆ ಸೇರಿ ಒತ್ತಡ ಇನ್ನೂ ಕೆಡುತ್ತದೆ. ಮೊದಲ ಲಕ್ಷಣ ನಿಧಾನದ ವೇಗದಲ್ಲಿ ನಡುಕ, ಆಮೇಲೆ ಹೆದ್ದಾರಿಯಲ್ಲಿ ಎಳೆತ ಕಡಿಮೆಯಾಗುವುದು. ಮೊಕದ್ದಮೆಗಳ ಇತ್ಯರ್ಥದಲ್ಲಿ ಆಲ್ಟಿಮಾ, ಸೆಂಟ್ರಾ, ರೋಗ್‌ನ ಹಲವು ವರ್ಷದ ಮಾಡೆಲ್‌ಗಳಿಗೆ ಗೇರ್‌ಬಾಕ್ಸ್ ವಾರಂಟಿಯನ್ನು 84 ತಿಂಗಳು ಅಥವಾ 84,000 ಮೈಲಿಗೆ ಏರಿಸಲಾಯಿತು. ಫ್ಲೂಯಿಡ್ ಬದಲಿಸಿದ ದಾಖಲೆ ಇಲ್ಲದ ಹಳೆ ರೋಗ್ ಎಷ್ಟೇ ಅಗ್ಗಕ್ಕೆ ಬಂದರೂ ನಾನು ಯಾರಿಗೂ ಶಿಫಾರಸು ಮಾಡಲಾರೆ. ಸುಬಾರುವೂ ಕೆಲವು ವರ್ಷದ ಸಿವಿಟಿಗಳಿಗೆ ಹತ್ತು ವರ್ಷ ಅಥವಾ 1,00,000 ಮೈಲಿಯ ವಿಸ್ತರಣೆ ಕೊಟ್ಟಿತ್ತು.

ಹ್ಯುಂಡೈ ಮತ್ತು ಕಿಯಾದ ಥೀಟಾ-2 ಇಂಜಿನ್ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಡೀಲರ್ ಮೆಕ್ಯಾನಿಕ್‌ಗಳ ಮೇಲೆ ಅದು ಹಾಕಿದ ಹೊರೆ ದೊಡ್ಡದು. 2011, 2012ರ ಸೊನಾಟಾದಲ್ಲಿ ಕ್ರ್ಯಾಂಕ್‌ಶಾಫ್ಟ್ ಕೊರೆಯುವಾಗ ಉಳಿದ ಲೋಹದ ಚೂರುಗಳು ಆಯಿಲ್ ದಾರಿಗೆ ಅಡ್ಡ ಬಂದು ಕನೆಕ್ಟಿಂಗ್ ರಾಡ್ ಬೇರಿಂಗ್ ಸುಡುತ್ತಿತ್ತು. ಆಯಿಲ್ ಸಿಗದ ಬೇರಿಂಗ್ ಮೊದಲು ಬಡಿಯುತ್ತದೆ, ಆಮೇಲೆ ರಾಡ್ ಬ್ಲಾಕನ್ನೇ ಒಡೆದು ಹೊರಬರುತ್ತದೆ. ಬೆಂಕಿ ಹೊತ್ತಿಕೊಂಡದ್ದೂ ಉಂಟು. 2015ರಲ್ಲಿ ಸುಮಾರು 4,70,000 ಕಾರುಗಳ ರಿಕಾಲ್ ಆಯಿತು, 2017ರಲ್ಲಿ ಇನ್ನೂ ಹತ್ತು ಲಕ್ಷಕ್ಕೂ ಹೆಚ್ಚು. ತಡವಾಗಿ, ಅಸಮರ್ಪಕವಾಗಿ ರಿಕಾಲ್ ಮಾಡಿದ್ದಕ್ಕೆ 2020ರಲ್ಲಿ ಎರಡೂ ಕಂಪನಿಗಳ ಮೇಲೆ ಒಟ್ಟು 21 ಕೋಟಿ ಡಾಲರ್ ದಂಡ ನಿಗದಿಯಾಯಿತು. ಒಳಗಿನ ಮಾಹಿತಿ ಹೊರಗೆ ತಂದ ಇಂಜಿನಿಯರ್‌ಗೆ 2021ರಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 2.4 ಕೋಟಿ ಡಾಲರಿಗೂ ಹೆಚ್ಚು ಬಹುಮಾನ ಕೊಟ್ಟಿತು. ಈ ಇಂಜಿನ್‌ನ ಕಾರು ನಿಮ್ಮಲ್ಲಿದ್ದರೆ ನಾಕ್ ಸೆನ್ಸರ್ ಸಾಫ್ಟ್‌ವೇರ್ ಅಪ್‌ಡೇಟ್ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಬೇರಿಂಗ್ ಸವೆಯುವ ಕಂಪನವನ್ನು ಅದು ಮೊದಲೇ ಗುರುತಿಸಿ ಇಂಜಿನ್ ವೇಗ ತಗ್ಗಿಸುತ್ತದೆ. ವಿಸ್ತರಿಸಿದ ವಾರಂಟಿ ಪಡೆಯಲೂ ಆ ಅಪ್‌ಡೇಟ್ ಬೇಕು. ಪ್ರತಿ ಆಯಿಲ್ ಬದಲಾವಣೆಯ ರಸೀದಿ ಇಟ್ಟುಕೊಳ್ಳಿ, ಕೇಳುತ್ತಾರೆ.

ಫೋರ್ಡ್‌ನಲ್ಲಿ ಎರಡು ಎಚ್ಚರಿಕೆ ಮರೆಯಬಾರದು. ಫೋಕಸ್, ಫಿಯೆಸ್ಟಾದ ಪವರ್‌ಶಿಫ್ಟ್ ಡ್ರೈ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಬೇಡವೇ ಬೇಡ. ಎಡ್ಜ್, ಟಾರಸ್, 2011ರಿಂದ 2019ರ ಎಕ್ಸ್‌ಪ್ಲೋರರ್‌ಗಳಲ್ಲಿ ಅಡ್ಡ ಕೂರಿಸಿದ 3.5 ವಿ6ರ ವಾಟರ್ ಪಂಪ್ ಟೈಮಿಂಗ್ ಕವರ್ ಒಳಗಿದೆ, ಟೈಮಿಂಗ್ ಚೈನೇ ಅದನ್ನು ತಿರುಗಿಸುತ್ತದೆ. ಪಂಪಿನ ಸೀಲ್ ಹೋದರೆ ಕೂಲಂಟ್ ನೆಲಕ್ಕೆ ಬೀಳದೆ ಆಯಿಲ್‌ಗೆ ಇಳಿಯಬಹುದು. ಹೊರಗಿನ ಪಂಪಾದರೆ ಅರ್ಧ ದಿನದ ಕೆಲಸ. ಇದಕ್ಕೆ ಇಂಜಿನ್‌ನ ಮುಂಭಾಗವನ್ನೇ ಬಿಚ್ಚಬೇಕು. ಕೂಲಂಟ್ ಕಡಿಮೆಯಾಗುತ್ತಿದೆ ಆದರೆ ಎಲ್ಲೂ ಸೋರಿಕೆ ಕಾಣುತ್ತಿಲ್ಲ, ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆತ ಕಾಫಿಯ ಬಣ್ಣ ಎಂದರೆ ಗಾಡಿ ಅಲ್ಲೇ ನಿಲ್ಲಿಸಿ ಟೋ ಮಾಡಿಸಿ.

ಜಿಎಂ ಟ್ರಕ್‌ಗಳ 5.3 ಮತ್ತು 6.2 ಲೀಟರ್ ವಿ8ಗಳಲ್ಲಿ ಇಂಧನ ಉಳಿಸಲು ಕೆಲವು ಸಿಲಿಂಡರ್‌ಗಳನ್ನು ತಾತ್ಕಾಲಿಕವಾಗಿ ಮಲಗಿಸುವ ಲಿಫ್ಟರ್‌ಗಳೇ ಹಳೆಯ ತಲೆನೋವು. ಲಿಫ್ಟರ್ ಸಿಕ್ಕಿಕೊಂಡರೆ ಟಕ್ ಟಕ್ ಸದ್ದು, ಮಿಸ್‌ಫೈರ್. ಹಾಗೇ ಓಡಿಸಿದರೆ ಕ್ಯಾಮ್‌ಶಾಫ್ಟ್ ಕೂಡ ತಿಂದುಹೋಗುತ್ತದೆ. 6.2ರ ಎಲ್87 ಇಂಜಿನ್‌ಗೆ 2025ರ ಏಪ್ರಿಲ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್, ಕನೆಕ್ಟಿಂಗ್ ರಾಡ್ ದೋಷಕ್ಕಾಗಿ ಅಮೆರಿಕದಲ್ಲೇ ಸುಮಾರು 6 ಲಕ್ಷ ಗಾಡಿಗಳ ರಿಕಾಲ್ ಬಂತು. ಪರೀಕ್ಷೆಯಲ್ಲಿ ಪಾಸಾಗದ ಇಂಜಿನ್‌ಗೆ ರಿಪೇರಿ ಅಥವಾ ಬದಲಾವಣೆ, ಪಾಸಾದವಕ್ಕೆ 0ಡಬ್ಲ್ಯೂ-20ರ ಬದಲು ಹೆಚ್ಚು ದಪ್ಪದ 0ಡಬ್ಲ್ಯೂ-40 ಆಯಿಲ್, ಹೊಸ ಫಿಲ್ಟರ್, ಹೊಸ ಮುಚ್ಚಳ. ರಿಕಾಲ್ ಆದ ಗಾಡಿಗೆ ಹೊರಗೆ ಆಯಿಲ್ ಹಾಕಿಸುವವರು ಮುಚ್ಚಳದ ಮೇಲಿನ ಅಂಕಿ ನೋಡಿ ಹೇಳಬೇಕು. ಹಳೆ ಅಭ್ಯಾಸದಲ್ಲಿ 0ಡಬ್ಲ್ಯೂ-20 ತುಂಬಿಬಿಡುವ ಸಾಧ್ಯತೆ ಇದ್ದೇ ಇದೆ.

ಜರ್ಮನ್ ಕಾರುಗಳ ಬಗ್ಗೆ ಚಿಕ್ಕದಾಗಿ. ಬಿಎಂಡಬ್ಲ್ಯೂನ ಬಿ58 ಆರು ಸಿಲಿಂಡರ್ ಇಂಜಿನ್ನನ್ನು ಮೆಕ್ಯಾನಿಕ್‌ಗಳು ಮನಸಾರೆ ಮೆಚ್ಚುತ್ತಾರೆ. ಎನ್20ರ ಟೈಮಿಂಗ್ ಚೈನ್ ಗೈಡ್, ಎರಡು ಟರ್ಬೊವನ್ನು ‘ವಿ’ ಆಕಾರದ ಎರಡು ಸಿಲಿಂಡರ್ ಸಾಲುಗಳ ನಡುವೆ ಕೂರಿಸಿ ತನ್ನ ಕಾವಿಗೆ ತಾನೇ ಬೇಯುವ ಎನ್63 ವಿ8 ಇವುಗಳಿಂದ ದೂರವಿರಿ ಎನ್ನುತ್ತಾರೆ. ಫೋಕ್ಸ್‌ವ್ಯಾಗನ್, ಔಡಿಯ 2.0 ಟರ್ಬೊದಲ್ಲಿ ಪ್ಲಾಸ್ಟಿಕ್ ವಾಟರ್ ಪಂಪ್ ಮತ್ತು ಥರ್ಮೋಸ್ಟ್ಯಾಟ್ ಗೂಡು ಸೋರುವುದು ಸಾಮಾನ್ಯ. ‘ಗೇರ್‌ಬಾಕ್ಸ್ ಆಯಿಲ್ ಜೀವನಪೂರ್ತಿ’ ಎಂಬ ಮಾತನ್ನು ನಂಬಬೇಡಿ. ಬಿಎಂಡಬ್ಲ್ಯೂಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿಗೆ ಆಯಿಲ್ ಬದಲಿಸಿ ಎನ್ನುತ್ತದೆ.

ಇಷ್ಟೆಲ್ಲ ಆದ ಮೇಲೆ ಡೀಲರ್‌ಗೆ ಹೋಗಬೇಕೇ ಬೇಡವೇ? ವಾರಂಟಿ, ರಿಕಾಲ್, ಸಾಫ್ಟ್‌ವೇರ್, ಕೀಲಿ ಪ್ರೋಗ್ರಾಮಿಂಗ್, ಕ್ಯಾಮೆರಾ ಮತ್ತು ರಾಡಾರ್ ಕ್ಯಾಲಿಬ್ರೇಷನ್, ಹೈ ವೋಲ್ಟೇಜ್ ಬ್ಯಾಟರಿ, ಈ ಕೆಲಸಗಳಿಗೆ ಡೀಲರೇ ಸರಿ. ಆ ಬ್ರ್ಯಾಂಡಿನ ಒಂದೇ ದೋಷವನ್ನು ನೂರು ಸಲ ನೋಡಿದ ಕೈ ಅಲ್ಲಿರುತ್ತದೆ. ಬ್ರೇಕ್, ಟೈರ್, ಫಿಲ್ಟರ್, ಕೂಲಂಟ್, ಬ್ಯಾಟರಿಗೆ ಒಳ್ಳೆಯ ಸ್ವತಂತ್ರ ಗ್ಯಾರೇಜ್ ಸಾಕು. ‘ಹೊರಗೆ ಮಾಡಿಸಿದರೆ ವಾರಂಟಿ ಹೋಗುತ್ತದೆ’ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಅಂಥ ಷರತ್ತಿಗೆ ಅವಕಾಶ ಕೊಡುವುದಿಲ್ಲ. ಸರಿಯಾದ ದರ್ಜೆಯ ಆಯಿಲ್ ಹಾಕಿಸಿದ ರಸೀದಿ ನಿಮ್ಮಲ್ಲಿರಬೇಕು, ಅಷ್ಟೆ.

ಹೋಗುವ ಮುನ್ನ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ನಿಮ್ಮ ಕಾರಿನ ಗುರುತಿನ ಸಂಖ್ಯೆ (ವಿನ್) ಹಾಕಿ ಬಾಕಿ ರಿಕಾಲ್ ನೋಡಿ. ಹದಿನೈದು ವರ್ಷದೊಳಗಿನ ಕಾರಿಗೆ ರಿಕಾಲ್ ರಿಪೇರಿ ಉಚಿತ. ಅಲ್ಲೇ ನಿಮ್ಮ ಮಾಡೆಲ್‌ಗೆ ಕಂಪನಿ ಡೀಲರ್‌ಗಳಿಗೆ ಕಳಿಸಿದ ಸರ್ವಿಸ್ ಬುಲೆಟಿನ್‌ಗಳೂ ಇರುತ್ತವೆ. ನಿಮ್ಮ ಲಕ್ಷಣಕ್ಕೆ ಹೊಂದುವ ಬುಲೆಟಿನ್ ಸಂಖ್ಯೆಯನ್ನು ಬರೆದುಕೊಂಡು ಹೋಗಿ ಕೊಟ್ಟರೆ ಮೆಕ್ಯಾನಿಕ್‌ಗೆ ಕೂಲಿಯಿಲ್ಲದ ಹುಡುಕಾಟ ತಪ್ಪುತ್ತದೆ, ನಿಮಗೂ ಎರಡನೇ ಓಡಾಟ ತಪ್ಪುತ್ತದೆ. ‘ಸದ್ದು ಬರುತ್ತದೆ’ ಎಂದಷ್ಟೇ ಹೇಳಬೇಡಿ. ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಎಷ್ಟು ವೇಗದಲ್ಲಿ, ಬ್ರೇಕ್ ಒತ್ತಿದಾಗಲೋ ತಿರುವಿನಲ್ಲೋ, ಯಾವ ಬದಿಯಿಂದ ಎಂದು ಹೇಳಿ, ಅದು ರಿಪೇರಿ ಆರ್ಡರ್‌ನಲ್ಲಿ ನಿಮ್ಮ ಮಾತಿನಲ್ಲೇ ಬರೆಯುವಂತೆ ನೋಡಿಕೊಳ್ಳಿ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗಿನ ಸದ್ದಾದರೆ ಹಿಂದಿನ ಸಂಜೆಯೇ ಕಾರು ಬಿಟ್ಟುಬನ್ನಿ. ಸದ್ದು ಅಪರೂಪಕ್ಕೆ ಬರುವುದಾದರೆ ಮೆಕ್ಯಾನಿಕ್ ಜೊತೆಗೇ ಒಂದು ಸುತ್ತು ಓಡಿಸಬೇಕೆಂದು ಕೇಳಿ. ಕೌಂಟರಿನ ಹತ್ತು ನಿಮಿಷದ ವಿವರಣೆಗಿಂತ ಅದು ಮೇಲು. ಡಯಾಗ್ನೋಸಿಸ್ ಶುಲ್ಕಕ್ಕೆ ತಕರಾರು ತೆಗೆಯಬೇಡಿ. ಮೆಕ್ಯಾನಿಕ್‌ನ ತಲೆಗೆ, ಅನುಭವಕ್ಕೆ ಕೊಡುವ ಹಣ ಅದು. ಅದನ್ನು ಚೌಕಾಸಿ ಮಾಡಿದರೆ ಊಹೆಯ ಮೇಲೆ ಪಾರ್ಟ್ ಬೀಳುತ್ತದೆ.

ಆಯಿಲ್ ಕಡಿಮೆಯಾಗುತ್ತಿದೆ ಎಂಬ ದೂರಾದರೆ ಡೀಲರ್ ಆಯಿಲ್ ಬದಲಿಸಿ, ಮಟ್ಟ ಗುರುತಿಸಿ ಸೀಲ್ ಮಾಡಿ ಕಳಿಸಬೇಕು. ಟೊಯೋಟಾ ಲೆಕ್ಕದಲ್ಲಿ 1,200 ಮೈಲಿಗೆ ಒಂದು ಕ್ವಾರ್ಟ್ (ಸುಮಾರು ಒಂದು ಲೀಟರ್) ದಾಟಿದರೆ ಮಾತ್ರ ದೋಷ. ನಡುವೆ ನೀವೇ ಆಯಿಲ್ ಸುರಿದರೆ ಪರೀಕ್ಷೆ ಹಾಳು. ತೆಗೆದ ಹಳೆ ಪಾರ್ಟ್ ಬೇಕಿದ್ದರೆ ಕೆಲಸ ಶುರುವಾಗುವ ಮೊದಲೇ ಹೇಳಿ. ವಾರಂಟಿ ಪಾರ್ಟ್ ಮಾತ್ರ ಕಂಪನಿಗೆ ಹಿಂದಿರುಗಬೇಕಾಗುತ್ತದೆ. ಬಿಲ್ಲಿನಲ್ಲಿ ದೂರು, ಕಾರಣ, ಪರಿಹಾರ ಮೂರೂ ಬರೆದಿರಬೇಕು. ‘ದೋಷ ಕಂಡುಬಂದಿಲ್ಲ’ ಎಂದು ಕಳಿಸಿದರೂ ಆ ಕಾಗದ ಪಡೆಯದೆ ಬರಬೇಡಿ. ವಾರಂಟಿ ಮುಗಿದ ಮೇಲೆ ಅದೇ ದೋಷ ಕಾಣಿಸಿಕೊಂಡರೆ, ವಾರಂಟಿಯಲ್ಲಿದ್ದಾಗಲೇ ದೂರು ಕೊಟ್ಟಿದ್ದಕ್ಕೆ ಸಾಕ್ಷಿ ಅದೊಂದೇ.

ಕಾರು ವಾಪಸ್ ಪಡೆದ ದಿನ ಪಾರ್ಕಿಂಗ್‌ನಲ್ಲೇ ಡಿಪ್‌ಸ್ಟಿಕ್ ಎಳೆದು ನೋಡಿ, ಕೆಳಗೆ ಹನಿ ಬೀಳುತ್ತಿದೆಯೇ ಬಗ್ಗಿ ನೋಡಿ. ಚಕ್ರ ತೆಗೆದ ಕೆಲಸವಾದರೆ 50ರಿಂದ 100 ಮೈಲಿ ಓಡಿದ ಮೇಲೆ ನಟ್‌ಗಳ ಬಿಗಿ ಮತ್ತೊಮ್ಮೆ ಪರೀಕ್ಷಿಸಿ. ಟೊಯೋಟಾದ ಬಹಳಷ್ಟು ಕಾರುಗಳಿಗೆ 76 ಪೌಂಡ್-ಅಡಿ, ಹೋಂಡಾಗೆ 80, ಉಳಿದವಕ್ಕೆ ಕೈಪಿಡಿಯಲ್ಲಿದೆ. ಕೆಲಸ ಚೆನ್ನಾಗಿ ಮಾಡಿದ ಮೆಕ್ಯಾನಿಕ್‌ನ ಹೆಸರು ಅಥವಾ ಸಂಖ್ಯೆ ರಿಪೇರಿ ಆರ್ಡರ್ ಮೇಲೆ ಇರುತ್ತದೆ. ಮುಂದಿನ ಸಲ ಅವರೇ ನೋಡಲಿ ಎಂದು ಕೇಳಿ, ಡೀಲರ್ ಕಳಿಸುವ ಸಮೀಕ್ಷೆಯಲ್ಲಿ ಅಡ್ವೈಸರ್ ಹೆಸರಿನ ಜೊತೆ ಅವರ ಹೆಸರನ್ನೂ ಬರೆಯಿರಿ.